ಸಂದೇಶಕಾವ್ಯವೂ ಕಡಲಂಚೆಯೂ

ಅಂಚೆಯ ಏರ್ಪಾಡು ಬಂದ ಮೇಲೆ ಸಂದೇಶಕಾವ್ಯಕ್ಕೆ ಎಡೆಯಿಲ್ಲದೆ ಹೋಯಿತೆಂಬ ಮಾತನ್ನು ನಮ್ಮ ಪಂಡಿತಗೋಷ್ಠಿಗಳಲ್ಲಿ ಆಗಾಗ ಕೇಳುತ್ತೇವೆ. ಒಂದಾಣೆಯ ಚೀಟಿಯನ್ನು ಅಂಟಿಸಿದರೆ ಏಳು ಸಮುದ್ರಗಳಾಚೆಗೂ ಓಲೆ ಹೋಗಿ ಮುಟ್ಟುವುದಾದರೆ, ಮೇಘವನ್ನೂ ಹಂಸವನ್ನೂ ಕೈಮುಗಿದು ಬೇಡುವ ವಿರಹಿಯ ಪಾಡನ್ನು ನಂಬುವವರಾರು ಎಂಬುದು ಈ ಮಾತಿನ ಅಭಿಪ್ರಾಯ. ಈ ಅಭಿಪ್ರಾಯವು ಮೇಲ್ನೋಟಕ್ಕೆ ಯುಕ್ತವಾಗಿಯೇ ತೋರುವುದು. ಆದರೆ ಇದನ್ನು ಒಪ್ಪುವುದಕ್ಕೆ ಮುಂಚೆ ಎರಡು ವಿಷಯಗಳನ್ನು ವಿಚಾರಿಸಬೇಕಾಗಿದೆ. ಸಂದೇಶಕಾವ್ಯದಲ್ಲಿ ನಿಜವಾಗಿ ಏನಿದೆ ಎಂಬುದು ಮೊದಲನೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲಿನ ಮೇಲೆ ಕಟ್ಟಿದ ಅಂಚೆಯು ನಿಜವಾಗಿ ಏನನ್ನು ಮಾಡಿತು ಎಂಬುದು ಎರಡನೆಯದು. ಈ ಎರಡನ್ನೂ ವಿಚಾರಿಸುವುದಕ್ಕೆ ನಮ್ಮ ಕೋಲಾರದ ಸೀಮೆಗಿಂತ ತಕ್ಕ ಸ್ಥಳವು ಕನ್ನಡನಾಡಿನಲ್ಲಿ ಮತ್ತೊಂದಿಲ್ಲ. ಏಕೆಂದರೆ ನೆಲದ ಕೆಳಗಿನ ಚಿನ್ನವನ್ನು ನೆಚ್ಚಿಕೊಂಡು ಕಡಲಾಚೆಯ ಕಾಗದದಿಂದ ನಡೆದ ಊರು ನಮ್ಮದು.

ದೂತನನ್ನು ಕುರಿತ ಆಕ್ಷೇಪವು ಹೊಸದೇನೂ ಅಲ್ಲ. ಅಲಂಕಾರಶಾಸ್ತ್ರದ ಪ್ರಾಚೀನಾಚಾರ್ಯರಲ್ಲೊಬ್ಬನಾದ ಭಾಮಹನು ತನ್ನ ಕಾವ್ಯಾಲಂಕಾರದಲ್ಲಿ ಮೋಡ, ಗಾಳಿ, ಚಂದ್ರ, ದುಂಬಿ, ಗಿಳಿ, ಚಕ್ರವಾಕ ಮುಂತಾದವುಗಳನ್ನು ದೂತರನ್ನಾಗಿ ಮಾಡುವುದು ಯುಕ್ತಿಗೆ ಹೊಂದದ ದೋಷವೆಂದು ಎಣಿಸಿದನು. ಮಾತಿಲ್ಲದ, ಅಥವಾ ಮಾತು ಸ್ಪಷ್ಟವಾಗಿಲ್ಲದ ಇಂಥವು ದೂರದೇಶಗಳಲ್ಲಿ ಅಲೆದು ದೌತ್ಯವನ್ನು ಹೇಗೆ ನೆರವೇರಿಸಿಯಾವು ಎಂಬುದು ಆತನ ಪ್ರಶ್ನೆ. ಕಡೆಗೆ, ಉತ್ಕಂಠೆಯಿಂದ ಹುಚ್ಚನಂತಾದವನು ಹಾಗೆ ನುಡಿದರೆ ನುಡಿಯಲಿ ಎಂದು ಆತನೇ ಸಡಿಲಿಸಿದನು. ಕಾಳಿದಾಸನು ತನ್ನ ಕಾವ್ಯದ ಮೊದಲಿನಲ್ಲಿಯೇ ಕಾಮಾರ್ತನಿಗೆ ಚೇತನಾಚೇತನ ವಿವೇಕವಿರದೆಂದು ಹೇಳಿ ಈ ಆಕ್ಷೇಪಕ್ಕೆ ಬಾಗಿಲನ್ನು ಮುಚ್ಚಿರುವನು. ವಿಮರ್ಶಕರು ಸಾಮಾನ್ಯವಾಗಿ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ದೂತನು ಯುಕ್ತನೋ ಅಯುಕ್ತನೋ ಎಂದು ಮೋಡದ ಕಡೆಗೇ ನೋಡುತ್ತಾರೆಯೇ ಹೊರತು, ಆ ಮೋಡವು ಹೋಗಬೇಕಾದ ದಾರಿಯ ಕಡೆಗೂ ಸೇರಬೇಕಾದ ಮನೆಯ ಕಡೆಗೂ ನೋಡುವವರು ವಿರಳ.

ಮೇಘದೂತವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ತೆರೆಯೋಣ. ಪೂರ್ವಮೇಘವೆಲ್ಲವೂ ದಾರಿಯೇ ಆಗಿದೆ. ರಾಮಗಿರಿಯಿಂದ ಹೊರಟ ಮೋಡವು ಕಾಡುಗಿಚ್ಚನ್ನು ಆರಿಸಿ ಆಮ್ರಕೂಟದ ತಲೆಯ ಮೇಲೆ ದಣಿವಾರಿಸಿಕೊಳ್ಳಬೇಕು. ಮಳೆಗರೆದು ಹಗುರವಾದ ಮೇಲೆ ರೇವಾನದಿಯ ನೀರನ್ನು ಕುಡಿದು ಮತ್ತೆ ಭಾರವಾಗಬೇಕು. ವಿದಿಶೆಯಲ್ಲಿ ವೇತ್ರವತಿಯ ನೀರು. ದಾರಿಯು ಸ್ವಲ್ಪ ಡೊಂಕಾದರೂ ಉಜ್ಜಯಿನಿಯನ್ನು ತಪ್ಪಿಸಕೂಡದು. ಎಲ್ಲಿ ತಂಗಬೇಕು, ಎಲ್ಲಿ ನೀರು ತುಂಬಿಕೊಳ್ಳಬೇಕು, ಎಲ್ಲಿ ಬೇಗ ಸಾಗಬೇಕು ಎಂಬ ಕಟ್ಟಳೆಯು ಇಲ್ಲಿ ಕ್ರಮವಾಗಿ ಬಂದಿದೆ. ಉತ್ತರಮೇಘದಲ್ಲಿ ಮೊದಲು ಬರುವುದು ವಿಳಾಸ. ಕುಬೇರನ ಅರಮನೆಗೆ ಉತ್ತರದಲ್ಲಿ ಮನೆ, ಕಾಮನಬಿಲ್ಲಿನಂಥ ತೋರಣ, ಮಗನಂತೆ ಬೆಳೆಸಿದ ಎಳೆಯ ಮಂದಾರ, ಪಚ್ಚೆಯ ಮೆಟ್ಟಲುಗಳ ಬಾವಿ, ಬಾಗಿಲ ಬದಿಯಲ್ಲಿ ಬರೆದ ಶಂಖಪದ್ಮಗಳು. ಅನಂತರ ಸಂದೇಶ. ಸಂದೇಶದ ತುದಿಯಲ್ಲಿ ಅಭಿಜ್ಞಾನ, ಎಂದರೆ ಗಂಡಹೆಂಡಿರಿಬ್ಬರಿಗಲ್ಲದೆ ಮೂರನೆಯವರಿಗೆ ತಿಳಿಯದ ಒಂದು ಕನಸಿನ ಮಾತು. ಇದು ನನ್ನಿಂದಲೇ ಬಂದ ಓಲೆಯೆಂಬುದಕ್ಕೆ ಅದೇ ಮುದ್ರೆ. ಹುಚ್ಚನ ಮಾತೆಂದು ಭಾಮಹನು ಕ್ಷಮಿಸಿದ ಈ ಪ್ರಲಾಪದೊಳಗೆ ದಾರಿ, ತಂಗುದಾಣ, ವಿಳಾಸ, ಮುದ್ರೆ ಎಂಬ ಅಂಚೆಯ ಅಂಗಗಳಲ್ಲಿ ನಾಲ್ಕು ಸಾಂಗವಾಗಿ ಇರುವುವೆಂಬುದನ್ನು ವಾಚಕರು ಗಮನಿಸಬೇಕು.

ಐದನೆಯ ಅಂಗವೊಂದು ಮೇಘದೂತದಲ್ಲಿಲ್ಲ. ಅದು ಪ್ರತ್ಯುತ್ತರ. ಯಕ್ಷನು ಮೋಡಕ್ಕೆ ಶುಭವನ್ನು ಹಾರೈಸುವಲ್ಲಿಗೆ ಕಾವ್ಯವು ಮುಗಿಯುವುದು. ಪ್ರತ್ಯುತ್ತರವನ್ನು ನೋಡಬೇಕಾದರೆ ಆದಿಕವಿಯ ಸುಂದರಕಾಂಡಕ್ಕೆ ಹೋಗಬೇಕು. ನಮ್ಮ ಸಾಹಿತ್ಯದಲ್ಲಿ ಕಡಲನ್ನು ದಾಟಿದ ಮೊದಲನೆಯ ಓಲೆಕಾರನು ಹನುಮಂತನು. ನಡುಗಡಲಿನಲ್ಲಿ ಮೈನಾಕನೆದ್ದು ತಂಗಿ ಹೋಗೆಂದು ಬೇಡಿದನು. ಸುರಸೆಯೂ ಸಿಂಹಿಕೆಯೂ ಅಡ್ಡಗಟ್ಟಿದರು. ಉಂಗುರವು ಹೋಯಿತು, ಚೂಡಾಮಣಿಯು ಬಂದಿತು. ಚೂಡಾಮಣಿಯೊಡನೆ ಕಾಗೆಯ ವೃತ್ತಾಂತವೂ ಗುರುತಾಗಿ ಬಂದಿತು. ಈ ಜಾಡನ್ನೇ ಹಿಡಿದು ವೇದಾಂತದೇಶಿಕರು ಹಂಸಸಂದೇಶವನ್ನು ರಚಿಸಿ, ಶ್ರೀರಾಮನು ಹಂಸವೊಂದನ್ನು ಲಂಕೆಗೆ ಕಳುಹಿಸಿದಂತೆ ವರ್ಣಿಸಿದರು. ಕನಕದಾಸರ ನಳಚರಿತ್ರೆಯಲ್ಲಿಯೂ ನಳದಮಯಂತಿಯರ ನಡುವೆ ಓಡಾಡುವುದು ಹಂಸವೇ. ಹಳಗನ್ನಡದಲ್ಲಿ ಹಂಸಶಬ್ದದ ತದ್ಭವವು ‘ಅಂಚೆ’ ಎಂಬುದನ್ನು ಪಾಠಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಟಪಾಲೆಂಬ ಅರ್ಥದ ‘ಅಂಚೆ’ಗೂ ಹಕ್ಕಿಯೆಂಬ ಅರ್ಥದ ‘ಅಂಚೆ’ಗೂ ಹುಟ್ಟು ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ರೂಪ ಒಂದಾಗಿರುವುದೇ ಕನ್ನಡಿಗರಿಗೆ ಸಾಕಷ್ಟು ಸಂತೋಷವನ್ನು ಕೊಡುವ ಯೋಗವಾಗಿದೆ.

ಇನ್ನು ಎರಡನೆಯ ವಿಷಯ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನಿಂದ ಹಿಂದೂದೇಶಕ್ಕೆ ಬರುವ ಕಾಗದವು ಗಾಳಿಯನ್ನು ನಂಬಿದ ಹಾಯಿಹಡಗಿನಲ್ಲಿ ಆಫ್ರಿಕಾ ಖಂಡದ ದಕ್ಷಿಣದ ತುದಿಯನ್ನು ಸುತ್ತಿ ಬರಬೇಕಾಗಿದ್ದಿತು. ನಾಲ್ಕು ತಿಂಗಳು ಹಿಡಿದರೂ ಹಿಡಿಯಿತು, ಆರು ಹಿಡಿದರೂ ಹಿಡಿಯಿತು. ಉತ್ತರವು ಕೈಸೇರುವ ಹೊತ್ತಿಗೆ ಬರೆದವನಿಗೆ ತಾನು ಕೇಳಿದ ಪ್ರಶ್ನೆಯೇ ಮರೆತಿರುತ್ತಿದ್ದಿತು. 1825ರಲ್ಲಿ ‘ಎಂಟರ್‌ಪ್ರೈಸ್’ ಎಂಬ ಹೊಗೆಹಡಗು ಫಾಲ್ಮತ್ತಿನಿಂದ ಹೊರಟು ಅದೇ ದೂರದ ದಾರಿಯಲ್ಲಿ ಕಲ್ಕತ್ತೆಗೆ ಬಂದಾಗಲೂ 113 ದಿನಗಳಾದುವು. 1830ರಲ್ಲಿ ‘ಹ್ಯೂ ಲಿಂಡ್ಸೆ’ ಎಂಬ ಹಡಗು ಬೊಂಬಾಯಿಯಿಂದ ಹೊರಟು, ಏಡನ್ನಿನಲ್ಲಿ ಕಲ್ಲಿದ್ದಲನ್ನು ತುಂಬಿಕೊಂಡು, ತಿಂಗಳಿಗೆ ಸ್ವಲ್ಪ ಮೇಲ್ಪಟ್ಟು ಸೂಯೆಜ್ಜನ್ನು ಮುಟ್ಟಿತು. ಅಲ್ಲಿಂದ ಈಜಿಪ್ಟಿನ ಮರಳುಗಾಡನ್ನು ದಾಟಿದರೆ ಮತ್ತೆ ಮೆಡಿಟರೇನಿಯನ್ ಕಡಲು. ಈ ನೆಲದ ದಾರಿಯೇ ಸುಲಭವೆಂದು ಥಾಮಸ್ ವಾಗ್‌ಹಾರ್ನನೆಂಬವನು ವರ್ಷಗಟ್ಟಲೆ ಹೋರಾಡಿ, ಒಂಟೆಗಳ ಮೇಲೂ ಬಂಡಿಗಳ ಮೇಲೂ ಟಪಾಲನ್ನು ಸಾಗಿಸಿ ತೋರಿಸಿದನು. ಏಡನ್ನನ್ನು 1839ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡುದಕ್ಕೆ ಒಂದು ಮುಖ್ಯ ಕಾರಣವು ಹಡಗುಗಳಿಗೆ ಕಲ್ಲಿದ್ದಲಿನ ತಂಗುದಾಣ ಬೇಕಾಗಿದ್ದುದೇ. ಮೋಡಕ್ಕೆ ರೇವೆಯು ಹೇಗೋ ಹೊಗೆಹಡಗಿಗೆ ಏಡನ್ ಹಾಗೆ. ಆದರೆ ರೇವೆಯು ಮೋಡಕ್ಕೆ ತಾನಾಗಿ ನೀರನ್ನು ಕೊಟ್ಟಿತು. ಏಡನ್ನನ್ನು ತೋಪುಗಳ ಬಲದಿಂದ ತೆಗೆದುಕೊಂಡರು. ಈ ವ್ಯತ್ಯಾಸವನ್ನು ಮರೆಯಬಾರದು.

1842ರಲ್ಲಿ ಪೆನಿನ್ಸುಲರ್ ಅಂಡ್ ಓರಿಯೆಂಟಲ್ ಕಂಪೆನಿಯವರು ಸೂಯೆಜ್ಜಿಗೂ ಕಲ್ಕತ್ತೆಗೂ ನಡುವೆ ಟಪಾಲಿನ ಹಡಗನ್ನು ಕರಾರಿನ ಮೇಲೆ ಓಡಿಸಲಾರಂಭಿಸಿದರು. ಸಿಂಹಳದ್ವೀಪದ ಗಾಲೆ ಎಂಬ ರೇವುಪಟ್ಟಣವು ಕೆಲವು ದಶಕಗಳ ಕಾಲ ಇದರ ಕೂಡುದಾರಿಯಾಗಿದ್ದಿತು. ಚೀನಕ್ಕೂ ಆಸ್ಟ್ರೇಲಿಯಕ್ಕೂ ಹೋಗುವ ಚೀಲಗಳು ಅಲ್ಲಿ ಹಡಗನ್ನು ಬದಲಾಯಿಸುತ್ತಿದ್ದುವು. ಸರ್ಕಾರವು ಕಂಪೆನಿಗೆ ವರ್ಷಾಶನವನ್ನು ಕೊಡುವುದು. ಕಂಪೆನಿಯು ಗೊತ್ತಾದ ದಿನಕ್ಕೆ ಗೊತ್ತಾದ ರೇವಿಗೆ ಬಾರದಿದ್ದರೆ ದಂಡವನ್ನು ತೆರುವುದು. ಕರಾರಿನ ತಿರುಳು ಇಷ್ಟೆ. 1858ರ ಹೊತ್ತಿಗೆ ಅಲೆಕ್ಸಾಂಡ್ರಿಯದಿಂದ ಸೂಯೆಜ್ಜಿನವರೆಗೆ ರೈಲು ಬಂದಿತು. 1868ರಲ್ಲಿ ಹಡಗಿನ ಮೇಲೆಯೇ ಅಂಚೆಯ ಗುಮಾಸ್ತರು ಕುಳಿತು ಬೊಂಬಾಯಿಯು ಕಾಣುವುದರೊಳಗಾಗಿ ಕಾಗದಗಳನ್ನು ಊರೂರಿಗೆ ವಿಂಗಡಿಸುವ ಪದ್ಧತಿಯುಂಟಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1874ರಲ್ಲಿ ಬರ್ನ್ ನಗರದಲ್ಲಿ ನಾನಾ ರಾಜ್ಯಗಳವರು ಕೂಡಿ ಒಬ್ಬರ ಕಾಗದವನ್ನು ಇನ್ನೊಬ್ಬರು ತಮ್ಮದರಂತೆಯೇ ಸಾಗಿಸತಕ್ಕದ್ದೆಂದು ಒಡಂಬಟ್ಟರು. ಹಿಂದೂದೇಶವು 1876ರಲ್ಲಿ ಆ ಒಕ್ಕೂಟಕ್ಕೆ ಸೇರಿತು. 1898ನೆಯ ಡಿಸೆಂಬರ್ 25ರಿಂದ ಬ್ರಿಟಿಷ್ ಸಾಮ್ರಾಜ್ಯದ ಹಲವು ಭಾಗಗಳ ನಡುವೆ ಒಂದು ಪೆನ್ನಿಯ, ನಮ್ಮ ಲೆಕ್ಕದಲ್ಲಿ ಒಂದಾಣೆಯ, ದರವು ಜಾರಿಗೆ ಬಂದಿತು.

ಭಾಮಹನ ಪ್ರಶ್ನೆಗೆ ಉತ್ತರವು ಇಲ್ಲಿ ದೊರೆಯುವುದೆಂದು ನನ್ನ ಎಣಿಕೆ. ಮಾತಿಲ್ಲದ ಜಡವಸ್ತುವು ದೂರದೇಶಗಳಲ್ಲಿ ದೌತ್ಯವನ್ನು ಹೇಗೆ ಮಾಡೀತು? ಗೋಣಿಯ ಚೀಲಕ್ಕೆ ಮಾತಿಲ್ಲ, ಹಡಗಿಗೆ ಮನಸ್ಸಿಲ್ಲ, ಕಲ್ಲಿದ್ದಲಿಗೆ ಕರುಣೆಯಿಲ್ಲ. ಆದರೂ ಓಲೆಯು ಮುಟ್ಟಿತು. ಚೈತನ್ಯವಿದ್ದದ್ದು ದೂತನಲ್ಲಲ್ಲ, ವ್ಯವಸ್ಥೆಯಲ್ಲಿ. ಸಾವಿರಾರು ಜನರು ಒಬ್ಬರನ್ನೊಬ್ಬರು ಕಾಣದೆ, ತಾವು ಹೊತ್ತ ಓಲೆಯಲ್ಲಿ ಏನಿದೆಯೆಂದು ಅರಿಯದೆ, ತಮ್ಮ ತಮ್ಮ ಪಾಲಿನ ದಾರಿಯನ್ನು ತಪ್ಪದೆ ನಡೆದರು. ಮದರಾಸಿನ ಕಡಲತೀರದ ಉದಾಹರಣೆಯನ್ನು ನೋಡಿರಿ. ಅಲ್ಲಿ ಕಟ್ಟಿದ ರೇವಿಲ್ಲದ ಕಾಲದಲ್ಲಿ ಹಡಗುಗಳು ದೂರದಲ್ಲಿಯೇ ಲಂಗರು ಹಾಕುತ್ತಿದ್ದುವು. ಮೂರು ನಾಲ್ಕು ಮರದ ದಿಮ್ಮಿಗಳನ್ನು ಬಿಗಿದ ಕಟ್ಟುಮರದ ಮೇಲೆ ಬೆಸ್ತನು ಅಬ್ಬರದ ತೆರೆಗಳನ್ನು ಸೀಳಿಕೊಂಡು ಹೋಗಿ, ನೀರು ತಾಕದಂತೆ ಹೆಣೆದ ಚೂಪಾದ ಟೋಪಿಯೊಳಗೆ ಕಾಗದಗಳನ್ನಿಟ್ಟುಕೊಂಡು ತರುತ್ತಿದ್ದನು. ಚೂಡಾಮಣಿಯನ್ನು ತಂದ ಹನುಮಂತನಿಗೂ ತಲೆಯ ಮೇಲೆ ಓಲೆಯನ್ನು ಹೊತ್ತು ತಂದ ಈ ಬೆಸ್ತನಿಗೂ ಕೆಲಸದಲ್ಲಿ ಭೇದವಿಲ್ಲ. ಅವನ ಹೆಸರು ಮಾತ್ರ ಯಾವ ಕಾಂಡದಲ್ಲಿಯೂ ಇಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಮೈಸೂರಿಗೆ ತನ್ನದೇ ಆದ ಅಂಚೆಯಿದ್ದಿತು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಳೆದು ಬಂದ ಆ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಟಪಾಲಿನಲ್ಲಿ ವಿಲೀನವಾಯಿತು. ಅದಕ್ಕೆ ಮೊದಲೇ, 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದಿದ್ದಿತು. ಆ ದಾರಿಯ ಮೇಲಿನ ನಮ್ಮ ನಿಲ್ದಾಣಕ್ಕೆ, ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆಯೆಂದು ಕರೆದರು; ಇಂದಿನ ಬಂಗಾರಪೇಟೆಯು ಅದೇ. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಚಿನ್ನದ ಗಣಿ ಕಂಪೆನಿಯು ಹುಟ್ಟಿತು. ಜಾನ್ ಟೇಲರ್ ಅಂಡ್ ಸನ್ಸ್ ಎಂಬವರು ಆಡಳಿತವನ್ನು ವಹಿಸಿದರು. ಮೊದಲ ವರ್ಷಗಳಲ್ಲಿ ಹಣವು ಕರಗಿ, ಕೆಲಸವನ್ನು ನಿಲ್ಲಿಸಬೇಕೆಂಬ ಮಾತು ಲಂಡನ್ನಿನಲ್ಲಿ ಬಲವಾಗಿದ್ದಾಗ, 1883ರಲ್ಲಿ ಕ್ಯಾಪ್ಟನ್ ಪ್ಲಮ್ಮರನು ಇಲ್ಲಿಗೆ ಬಂದು ಹಳೆಯವರು ತೋಡಿದ್ದ ಜಾಡನ್ನು ಹಿಡಿದು ಚಾಂಪಿಯನ್ ಎಂಬ ಸಿರಿಯ ಪದರವನ್ನು ಕಂಡನು. ಬಂಗಾರಪೇಟೆಯಿಂದ ಮಾರಿಕುಪ್ಪದವರೆಗಿನ ಕವಲುದಾರಿಯು 1894ರಲ್ಲಿ ತೆರೆಯಿತು. ಕಡಲ ಮೇಲೆ ಬೊಂಬಾಯಿಗೆ ಬಂದ ಇಂಗ್ಲಿಷು ಟಪಾಲು ರಾಯಚೂರು, ಅರಕೋಣ, ಜೋಲಾರಪೇಟೆಗಳ ಮೇಲೆ ನಮ್ಮ ಬಂಗಾರಪೇಟೆಯಲ್ಲಿಳಿದು ಗಣಿಗೆ ಹೋಗುವುದು. ಗಣಿಯ ವರದಿಯೂ ಚಿನ್ನವೂ ಲಂಡನ್ನಿಗೆ ಹೋಗುವುವು. ನೆಲದ ಕೆಳಗಿನ ಕೆಲಸವು ಮಾರಿಕುಪ್ಪದಲ್ಲಿ. ಅದನ್ನು ನಿರ್ಣಯಿಸುವ ಸಭೆಯು ಲಂಡನ್ನಿನಲ್ಲಿ. ನಡುವೆ, ಹೋಗಿ ಬರುವುದಕ್ಕೆ ಸುಮಾರು ಒಂದೂವರೆ ತಿಂಗಳನ್ನು ತೆಗೆದುಕೊಳ್ಳುವ ಕಾಗದ.

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ತವರದ ಗಣಿಗಳು ಕ್ಷೀಣಿಸಿದಾಗ ಅಲ್ಲಿಯ ಗಣಿಗಾರರು ದೇಶದೇಶಗಳಿಗೆ ಚೆದುರಿದರು. ಅವರಲ್ಲಿ ಹಲವರು ನಮ್ಮಲ್ಲಿಗೂ ಬಂದರು. ಅವರ ಹೆಂಡಿರುಮಕ್ಕಳು ಬಹುಮಟ್ಟಿಗೆ ಊರಿನಲ್ಲಿಯೇ ಉಳಿದರು. ಹೀಗಾಗಿ ಮಾರಿಕುಪ್ಪವು ಅವರ ಪಾಲಿಗೆ ರಾಮಗಿರಿಯಾಯಿತು. ಯಕ್ಷನಿಗೆ ಶಾಪವು ಒಂದು ವರ್ಷದ್ದು, ಇವರಿಗೆ ಕರಾರು ಹಲವು ವರ್ಷಗಳದ್ದು, ವ್ಯತ್ಯಾಸ ಅಷ್ಟೆ. ಇವರಿಗೆ ಅಂಚೆಯು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದಿತು. ಹಾಗಾದರೆ ಇವರಿಗೆ ವಿರಹರಸವಿರಲಿಲ್ಲವೆ? ಮೊದಲು ಎತ್ತಿಕೊಂಡ ಪ್ರಶ್ನೆಯು ಇಲ್ಲಿ ನಿಜವಾಗಿ ಎದುರಾಗುವುದು.

ಭರತಮುನಿಯು ಕರುಣಕ್ಕೂ ವಿಪ್ರಲಂಭಕ್ಕೂ ಇರುವ ಭೇದವನ್ನು ಒಂದೇ ಮಾತಿನಲ್ಲಿ ತೋರಿಸಿರುವನು. ಕರುಣವು ನಿರಪೇಕ್ಷ, ಅಲ್ಲಿ ಮರಳಿ ಸೇರುವ ಆಸೆಯಿಲ್ಲ. ವಿಪ್ರಲಂಭವು ಸಾಪೇಕ್ಷ, ಅಲ್ಲಿ ಆಸೆಯುಂಟು. ಹಳೆಯ ಕಾಲದ ವಿರಹಿಗೆ ಓಲೆಯು ಮುಟ್ಟೀತೋ ಮುಟ್ಟದೋ ಎಂಬುದೇ ದೊಡ್ಡ ಶಂಕೆ. ಕರಾರಿನ ಹಡಗು ಆ ಶಂಕೆಯನ್ನು ಬಹುಮಟ್ಟಿಗೆ ನಿವಾರಿಸಿತು. ಆದರೆ ಅದರ ಸ್ಥಳದಲ್ಲಿ ಬೇರೊಂದನ್ನು ತಂದಿಟ್ಟಿತು. ಓಲೆಯು ಖಂಡಿತವಾಗಿ ಮುಟ್ಟುವುದು. ಮುಟ್ಟುವ ದಿನ ಬರೆದವನು ಇರುವನೋ ಇಲ್ಲವೋ? ಬಂಡೆಯು ಒತ್ತಡದಿಂದ ತಾನಾಗಿ ಸಿಡಿಯುವ ಆಳದ ಗಣಿ ನಮ್ಮದು. 1870ರಲ್ಲಿ ಕಡಲೊಳಗಿನ ತಂತಿಯು ಬೊಂಬಾಯಿಯನ್ನೂ ಇಂಗ್ಲೆಂಡನ್ನೂ ಕೂಡಿಸಿದ ಮೇಲೆ ದುರ್ವಾರ್ತೆಯು ಒಂದೆರಡು ದಿನಗಳಲ್ಲಿಯೇ ಹೋಗಿ ಮುಟ್ಟಬಹುದಾಗಿದ್ದಿತು. ಸತ್ತವನು ಬದುಕಿದ್ದಾಗ ಬರೆದು ಕಳುಹಿಸಿದ ಕಾಗದಗಳಾದರೋ ಇನ್ನೂ ಕೆಂಪುಸಮುದ್ರದಲ್ಲಿ ನಿಧಾನವಾಗಿ ಸಾಗುತ್ತಿರುವುವು. ತಂತಿಯು ಮುಟ್ಟಿದ ಮೂರನೆಯ ವಾರದಲ್ಲಿ ಮುಂದಿನ ವರ್ಷ ಊರಿಗೆ ಬರುವೆನೆಂಬ ಒಕ್ಕಣೆಯ ಕಾಗದವು ಆ ಮನೆಯ ಬಾಗಿಲಿಗೆ ಬರುವುದು. ಇಂಥ ಸಮಯದಲ್ಲಿ ಕಾಗದವು ವಿಪ್ರಲಂಭದಲ್ಲಿದೆ, ಓದುವವಳು ಕರುಣದಲ್ಲಿರುವಳು. ಎರಡು ರಸಗಳೂ ಒಂದೇ ಹಾಳೆಯ ಎರಡು ತುದಿಗಳನ್ನು ಹಿಡಿದು ನಿಂತಿರುವುವು. ನಮ್ಮ ಪ್ರಾಚೀನಾಲಂಕಾರಿಕರು ಈ ಸ್ಥಿತಿಯನ್ನು ಬೇರೆಯಾಗಿ ಹೆಸರಿಸಲಿಲ್ಲ. ಅವರ ಕಾಲದಲ್ಲಿ ಇದು ನಿತ್ಯದ ಅನುಭವವಾಗಿರಲಿಲ್ಲ. ಅಂಚೆಯು ವಿರಹವನ್ನು ಕೊಂದಿತೆನ್ನುವವರು ಈ ಬಾಗಿಲಿನ ಮುಂದೆ ಒಂದು ಗಳಿಗೆ ನಿಂತು ಯೋಚಿಸಲಿ.

ಅಂಚೆಯು ಕಾವ್ಯಕ್ಕೆ ವಸ್ತುವಾಗದೆಂಬ ಮಾತಿಗೆ ಇಂಗ್ಲಿಷು ಕವಿಯಾದ ಕಿಪ್ಲಿಂಗನು ಉತ್ತರವನ್ನು ಕೊಟ್ಟಿರುವನೆಂದು ಕೆಲವರು ಹೇಳುವರು. ಆತನು 1886ರ ಸುಮಾರಿನಲ್ಲಿ ಬರೆದ ‘ಓವರ್‌ಲ್ಯಾಂಡ್ ಮೆಯಿಲ್’ ಎಂಬ ಕವಿತೆಯಲ್ಲಿ, ಕಡಲಾಚೆಯಿಂದ ಬಂದ ಚೀಲವನ್ನು ಬೆನ್ನಿನ ಮೇಲೆ ಹೊತ್ತು ಬೆಟ್ಟದ ದಾರಿಯಲ್ಲಿ ಓಡುವ ಅಂಚೆಯ ಆಳಿನ ವರ್ಣನೆಯಿದೆ. ಹೊಳೆಯು ಉಕ್ಕಿರಲಿ, ದಾರಿಯು ಕೊಚ್ಚಿ ಹೋಗಿರಲಿ, ಅವನು ನಿಲ್ಲನು. ನಡೆಯು ಕುದುರೆಯ ಹೆಜ್ಜೆಯಂತಿದೆ, ಚಿತ್ರವು ಕಣ್ಣಿಗೆ ಕಟ್ಟುವುದು, ಇದನ್ನು ಒಪ್ಪಬೇಕು. ಆದರೆ ಈ ಕವಿತೆಯಲ್ಲಿ ಒಂದು ಊನವಿದೆ. ಓಡುವವನಿಗೆ ಹೆಸರಿಲ್ಲದಿದ್ದರೆ ಅದು ದೋಷವಲ್ಲ, ಯಕ್ಷನಿಗೂ ಹೆಸರಿಲ್ಲ. ಓಡುವವನಿಗೆ ತನ್ನದೊಂದು ಓಲೆಯಿಲ್ಲ, ಊನವಿರುವುದು ಇಲ್ಲಿ. ಚಕ್ರವರ್ತಿನಿಯ ಹೆಸರಿನಲ್ಲಿ ಪರರ ಓಲೆಗಳನ್ನು ಹೊರುವ ಈತನಿಗೂ ಊರಿದೆ, ಮನೆಯಿದೆ, ದಾರಿಯನ್ನು ಕಾಯುವವರಿದ್ದಾರೆ ಎಂಬುದು ಕವಿಗೆ ತೋರಲೇ ಇಲ್ಲ. ಕಾಳಿದಾಸನಾದರೋ ಅಚೇತನವಾದ ಮೋಡಕ್ಕೂ ಮಿಂಚನ್ನು ಹೆಂಡತಿಯನ್ನಾಗಿ ಕೊಟ್ಟು, ನಿನಗೆ ಕ್ಷಣಮಾತ್ರವೂ ಇಂಥ ಅಗಲಿಕೆಯು ಬಾರದಿರಲೆಂದು ಹರಸಿದನು. ಚೇತನನಾದ ಮನುಷ್ಯನಿಗೆ ಕಿಪ್ಲಿಂಗನು ಅಷ್ಟನ್ನೂ ಕೊಡಲಿಲ್ಲ. ಇಬ್ಬರು ಕವಿಗಳ ತಾರತಮ್ಯವನ್ನು ಅಳೆಯುವುದಕ್ಕೆ ಇದೊಂದೇ ಸಾಕೆಂದು ನನಗೆ ತೋರುತ್ತದೆ.

ಕಿಪ್ಲಿಂಗನನ್ನು ಇಷ್ಟು ಆಕ್ಷೇಪಿಸಿದ ಮೇಲೆ ನಮ್ಮ ಮನೆಯ ಕಡೆಗೂ ತಿರುಗಿ ನೋಡಬೇಕು. ಗಣಿಯಲ್ಲಿ ಇಳಿದು ದುಡಿದವರಲ್ಲಿ ಕಾರ್ನ್‌ವಾಲಿನವರು ಕೆಲವರೇ. ಉಳಿದ ಸಹಸ್ರಾರು ಜನರು ಉತ್ತರ ಆರ್ಕಾಟು ಮೊದಲಾದ ನೆರೆಯ ಸೀಮೆಗಳಿಂದ ಬಂದ ತಮಿಳರು, ತೆಲುಗರು. ಅವರೊಡನೆ ನಮ್ಮ ಕನ್ನಡಿಗರು. ಮಳೆಯು ಕೈಕೊಟ್ಟ ವರ್ಷಗಳಲ್ಲಿ ಅದೇ ಸೀಮೆಗಳಿಂದ ಜನರು ಮದರಾಸಿನಲ್ಲಿ ಹಡಗನ್ನೇರಿ ಮಾರಿಷಸ್ಸಿಗೂ, 1860ರಿಂದ ನೇಟಾಲಿಗೂ, ಕೂಲಿಯ ಕರಾರಿನ ಮೇಲೆ ಹೋದರು. ಒಂದೇ ಊರಿನ ಇಬ್ಬರಲ್ಲಿ ಒಬ್ಬನು ಮಾರಿಕುಪ್ಪದ ಸುರಂಗಕ್ಕೆ, ಇನ್ನೊಬ್ಬನು ನೇಟಾಲಿನ ಕಬ್ಬಿನ ತೋಟಕ್ಕೆ ಹೋಗಿರಬಹುದು. ಒಂದಾಣೆಯ ಅಂಚೆಯು ಇಬ್ಬರಿಗೂ ತೆರೆದೇ ಇದ್ದಿತು. ವಸಾಹತಿಗೂ ವಸಾಹತಿಗೂ ನಡುವೆ ಹಡಗಿತ್ತು, ದರವಿತ್ತು, ಒಡಂಬಡಿಕೆಯಿತ್ತು. ಇಲ್ಲದಿದ್ದುದು ಅಕ್ಷರ. ಬಾಯಿಯಲ್ಲಿ ಹೇಳಿದುದನ್ನು ಯಾರಾದರೂ ಬರೆದುಕೊಡಬೇಕು. ಬಂದುದನ್ನು ಯಾರಾದರೂ ಓದಿ ಹೇಳಬೇಕು. ಆರು ಸಾವಿರ ಮೈಲಿಯ ವ್ಯವಸ್ಥೆಯು ಹೀಗೆ ಕಡೆಯ ಒಂದು ಮೊಳದಲ್ಲಿ, ಬರೆಯುವವನ ಲೇಖನಿಯ ಮೊನೆಯಲ್ಲಿ, ನಿಂತುಬಿಡುವುದು. ಕಟ್ಟುಮರದ ಬೆಸ್ತನು ಓಲೆಯನ್ನು ನೆನೆಯಗೊಡಲಿಲ್ಲ. ಆ ಲೇಖಕರಲ್ಲಿ ಎಷ್ಟು ಜನರು ಮಾತನ್ನು ಕೆಡಗೊಡದೆ ಕಾಪಾಡಿದರೋ!

ಈ ಕೊರತೆಯನ್ನು ಪರರ ಮೇಲೆ ಹೊರಿಸಿ ಹೇಳುವ ಅಧಿಕಾರವು ನನಗಿಲ್ಲ. 2001ರಲ್ಲಿ ಗಣಿಯು ಮುಚ್ಚಿದ ಸ್ವಲ್ಪ ಕಾಲದ ಮೇಲೆ, ನನ್ನ ಹಳೆಯ ಶಿಷ್ಯನೊಬ್ಬನು ಕೆಲಸವನ್ನರಸಿ ಅರಬ್ಬೀ ದೇಶಕ್ಕೆ ಹೋದನು. ಅವನ ತಾಯಿಯು ಓದುಬರಹವಿಲ್ಲದ ಹೆಂಗಸು. ಮಗನಿಗೆ ಕಾಗದ ಬರೆದುಕೊಡಬೇಕೆಂದು ನನ್ನಲ್ಲಿಗೆ ಬಂದಳು. ಹಸುವು ಈದಿದೆ, ಗಂಡುಕರು. ಈ ವರ್ಷ ರಾಗಿ ಕೈಗೆ ಬರಲಿಲ್ಲ. ನೀನು ಬಿಟ್ಟುಹೋದ ಚಪ್ಪಲಿ ಬಾಗಿಲಲ್ಲೇ ಇದೆ, ನಾನು ತೆಗೆದಿಲ್ಲ. ಇಷ್ಟೇ ಅವಳು ಹೇಳಿದುದು. ನಾನು ಪಾಠಶಾಲೆಯ ಅಭ್ಯಾಸಬಲದಿಂದ ‘ಚಿರಂಜೀವಿ’ಯಿಂದ ಮೊದಲುಮಾಡಿ, ಪುತ್ರವಿಯೋಗ, ಮನಃಕ್ಲೇಶ, ಈಶ್ವರಾನುಗ್ರಹ ಮುಂತಾದ ಮಾತುಗಳಿಂದ ಒಂದು ಪುಟವನ್ನು ತುಂಬಿ ಅವಳಿಗೆ ಓದಿ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೆಂದಾಗೈತೆ ಮೇಷ್ಟ್ರೇ. ಆದರೆ ಚಪ್ಪಲಿ ಮಾತು ಎಲ್ಲಿ ಹೋಯ್ತು?” ಎಂದಳು. “ಅದನ್ನು ಬರೆಯಲೇಬೇಕೇನಮ್ಮ?” ಎಂದೆನು. “ಅದನ್ನ ಓದಿದರೇ ಅವನಿಗೆ ಇದು ನಾನು ಅಂತ ಗೊತ್ತಾಗೋದು” ಎಂದಳು.

ಅಭಿಜ್ಞಾನವೆಂದರೇನೆಂದು ನಾನು ತರಗತಿಗಳಲ್ಲಿ ಹಲವು ವರ್ಷ ವ್ಯಾಖ್ಯಾನ ಮಾಡಿದವನು. ಅಂದು ಅದನ್ನು ಆ ತಾಯಿಯಿಂದ ಕಲಿತೆನು. ಯಕ್ಷನ ಬಾಗಿಲಲ್ಲಿ ಶಂಖಪದ್ಮಗಳಿದ್ದುವು. ಇವಳ ಬಾಗಿಲಲ್ಲಿ ಜೊತೆ ಚಪ್ಪಲಿಯಿದ್ದಿತು. ನಾನು ಅವನ್ನು ಗುಡಿಸಿ ಹಾಕಿ ಆ ಸ್ಥಳದಲ್ಲಿ ಯಾರ ಮನೆಯ ಬಾಗಿಲಿಗೂ ಸಲ್ಲುವ ರಂಗವಲ್ಲಿಯನ್ನು ಬಿಟ್ಟಿದ್ದೆನು. ಆ ಹಾಳೆಯನ್ನು ಹರಿದು ಬೇರೆ ಬರೆದೆನು. ಅದು ಎಂಟು ಸಾಲಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಕಾಗದವು ಒಬ್ಬನಿಗಾಗಿ ಬರೆದುದು, ಕಾವ್ಯವು ಸಹೃದಯರೆಲ್ಲರಿಗಾಗಿ ಬರೆದುದು, ಸಾಧಾರಣೀಕರಣವಿಲ್ಲದೆ ರಸವಿಲ್ಲ, ಆದುದರಿಂದ ಕಾಗದವನ್ನು ಕಾವ್ಯದ ಸಾಲಿನಲ್ಲಿ ಕೂರಿಸಬಾರದು ಎಂದು. ಆಕ್ಷೇಪವು ನ್ಯಾಯವಾದುದೇ. ಕಾಗದವು ಕಾವ್ಯವೆಂದು ನಾನೂ ಹೇಳುವುದಿಲ್ಲ. ಆದರೆ ಕಾಳಿದಾಸನು ರಸವನ್ನು ಸಾಧಾರಣಮಾಡಿದುದು ಮನೆಯ ಗುರುತುಗಳನ್ನು ಅಳಿಸಿಯಲ್ಲ, ಒಂದೊಂದನ್ನೂ ಉಳಿಸಿ. ಯಾರದೋ ಮನೆಯ ಎಳೆಯ ಮಂದಾರವು ನಮ್ಮ ಮನೆಯ ಗಿಡವಾಗುವುದು ಅದು ಮಂದಾರವಾಗಿಯೇ ಉಳಿದಿರುವುದರಿಂದ. ವಿಶೇಷವನ್ನು ಬಿಟ್ಟು ಸಾಮಾನ್ಯವನ್ನು ಹಿಡಿದ ನಮ್ಮ ಎಷ್ಟೋ ಆಧುನಿಕ ವಿರಹಗೀತಗಳು ವಿಳಾಸವಿಲ್ಲದ ಓಲೆಗಳಂತೆ ಯಾರನ್ನೂ ಮುಟ್ಟದೆ ಹೋಗಿರುವುವು. ಈ ದೃಷ್ಟಿಯಿಂದ ಕಾಗದವು ಕಾವ್ಯದ ಬೀಜ; ಕವಿಯಾಗುವವನು ಕಲಿಯಬೇಕಾದ ಮೊದಲ ಪಾಠ.

ಕೋಲಾರದ ಚಿನ್ನದ ಗಣಿಗಳನ್ನು ಕುರಿತು ಬಂದಿರುವ ಬರಹಗಳಲ್ಲಿ ಎಷ್ಟು ಔನ್ಸು ಚಿನ್ನ ತೆಗೆದರು, ಎಷ್ಟು ಅಡಿ ಆಳ ಇಳಿದರು, ಎಷ್ಟು ಲಾಭ ಹಂಚಿದರು ಎಂಬ ಲೆಕ್ಕವು ಬೇಕಾದಷ್ಟಿದೆ. ಕಂಪೆನಿಯ ಕಾಗದಪತ್ರಗಳನ್ನು ಆಧಾರಮಾಡಿಕೊಂಡು ಬರೆದುದರಲ್ಲಿ ಅದಕ್ಕಿಂತ ಹೆಚ್ಚು ದೊರೆಯುವುದು ಹೇಗೆ? ಕಂಪೆನಿಯ ಕಾಗದಗಳಿಗೆ ಬೀರುಗಳಿದ್ದುವು. ಬಡವರ ಕಾಗದಗಳಿಗಿದ್ದುದು ಅಟ್ಟ, ತಗಡಿನ ಪೆಟ್ಟಿಗೆ, ದೇವರ ಪಟದ ಹಿಂಭಾಗ. ಇಂದು ಕೈಯಲ್ಲಿ ಹಿಡಿದ ಯಂತ್ರದ ಮೂಲಕ ಕಡಲಾಚೆಯ ಮಗನ ಮುಖವನ್ನೇ ಕಂಡು ಮಾತನಾಡುವ ಕಾಲ ಬಂದಿದೆ. ಇದು ಸಂತೋಷದ ಸಂಗತಿ. ನಾನು ಹಳೆಯದಕ್ಕಾಗಿ ಅಳುವವನಲ್ಲ. ಆದರೆ ಆ ಮಾತು ಆಡಿದೊಡನೆ ಹೋಗುವುದು; ಕಾಗದವು ಉಳಿಯುವುದು. ಗಣಿಯ ಸಾಲುಮನೆಗಳು ಬರಿದಾಗುತ್ತ ಬಂದಂತೆ, ಉಳಿದ ಕಾಗದಗಳು ಹಳೆಯ ಪೇಪರಿನೊಡನೆ ತೂಕಕ್ಕೆ ಹೋಗುತ್ತಿರುವುವು.

ಆದುದರಿಂದ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ನನ್ನದೊಂದು ಬಿನ್ನಹ. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಮಾರಿಕುಪ್ಪಗಳಲ್ಲಿ ಯಾರ ಮನೆಯಲ್ಲಿಯಾದರೂ ಹಳೆಯ ಓಲೆಗಳಿದ್ದರೆ, ಅವು ಯಾವ ಭಾಷೆಯಲ್ಲಿಯೇ ಇರಲಿ, ತೂಕಕ್ಕೆ ಹಾಕುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿರಿ. ಓದಲು ಬಾರದ ಲಿಪಿಯಾದರೆ ಬಲ್ಲವರನ್ನು ಕರೆಯಿರಿ. ಒಕ್ಕಣೆಯ ಕಟ್ಟುಮಾತುಗಳನ್ನು ದಾಟಿ, ಬರೆದವನ ಪಾಂಡಿತ್ಯವನ್ನೂ ದಾಟಿ, ಒಳಗೆಲ್ಲಿಯಾದರೂ ಒಂದು ಕರುವಿನ ಮಾತೋ ಚಪ್ಪಲಿಯ ಮಾತೋ ಉಳಿದಿದೆಯೇ ಎಂದು ನೋಡಿರಿ. 1889ರ ವರೆಗೆ ನಮಗೆ ನಮ್ಮದೇ ಆದ ಅಂಚೆಯಿದ್ದಿತೆಂದು ನಾವು ಹೆಮ್ಮೆಪಡುತ್ತೇವೆ. ಆ ಅಂಚೆಯೂ ಅನಂತರದ ಕಡಲಂಚೆಯೂ ತಮ್ಮ ಪಾಲಿನ ಕೆಲಸವನ್ನು ತಪ್ಪದೆ ಮಾಡಿ ಓಲೆಗಳನ್ನು ನಮ್ಮ ಬಾಗಿಲಿಗೆ ಮುಟ್ಟಿಸಿರುವುವು. ಓದುವ ಕೆಲಸವು ನಮ್ಮದು. ಅದು ಇನ್ನೂ ಬಾಕಿಯಿದೆ.